ಡೀಸೆಲ್ ಎಂಜಿನ್ನೇ ಹಾಕಿಸು

ಗಿರೀಶ,

ಶಿರಸಿ ಬಸ್ಸಿಗೆ ಹೊತ್ತಾಯಿತು, ನಿನ್ನನ್ನು ಎಬ್ಬಿಸಲಿಲ್ಲ. ರೊಟ್ಟಿ ಬುಟ್ಟಿಯಲ್ಲಿದೆ. ಅಪ್ಪನಿಗೆ ಗುಳಿಗೆ ಎದುರಿಗೆ ನಿಂತು ನುಂಗಿಸು, ಕೈಗೆ ಕೊಟ್ಟರೆ ಜೇಬಿಗೆ ಹಾಕಿಕೊಳ್ಳುತ್ತಾನೆ.

ಯಲ್ಲಾಪುರದ ಪೆಟ್ರೋಲ್ ಎಂಜಿನ್ನಿನ ಆಸೆ ಬಿಡು. ಅದನ್ನೂ ಗುಜರಿಗೆ ಹಾಕಿದರಂತೆ, ನಿನ್ನೆ ಫೋನ್ ಬಂದಿತ್ತು. ನಮ್ಮ ಜೀಪಿನ ಹಳೇ ಎಂಜಿನ್ ಬಿರುಕು ಬಿಟ್ಟಿದೆ, ಬೆಸುಗೆ ನಿಲ್ಲುವುದಿಲ್ಲ ಎಂದು ಮೆಕ್ಯಾನಿಕ್ ಹನೀಫಣ್ಣ ನಿನಗೆ ಇನ್ನೆಷ್ಟು ಸಲ ಹೇಳಬೇಕು? "ಡೀಸೆಲ್ ಹಾಕ್ಸಿಬಿಡ್ರಿ, ಬೇರೆ ದಾರಿ ಇಲ್ಲ" ಅಂತಾನೆ. ಇವತ್ತೇ ಹೋಗಿ ಒಪ್ಪಿಕೊಂಡು ಬಾ. ಅನಾನಸ್ ತೋಟದಲ್ಲೇ ಕೊಳೆಯುತ್ತಿದೆ.

ನೀನು ಯಾಕೆ ಹಟ ಹಿಡಿದಿದ್ದೀಯೆಂದು ನನಗೆ ಗೊತ್ತಿಲ್ಲವೇನೋ? ಅಪ್ಪನಿಗೆ ನಮ್ಮ ಮುಖಗಳೆಲ್ಲ ಮರೆತುಹೋಗಿವೆ. ಜೀಪಿನ ಆ ಹಳೇ ಪೆಟ್ರೋಲ್ ಎಂಜಿನ್ನಿನ ಸದ್ದು ಕೇಳಿದರೆ ಮಾತ್ರ "ನಮ್ಮ ಗಿರ್ಯಾ ಬಂದ" ಎಂದು ಓಡಿಹೋಗಿ ಗೇಟು ತೆಗೆಯುತ್ತಿದ್ದ. ನನಗಂತೂ ಆ ಭಾಗ್ಯವೂ ಇರಲಿಲ್ಲ, ನಾನು ಬರುವುದು ಬಸ್ಸಿನಲ್ಲಿ.

ಡೀಸೆಲ್ಲಿನ ಸದ್ದೇ ಬೇರೆ. ಹೊಸ ಎಂಜಿನ್ನಿನ ಜೀಪು ಮನೆಗೆ ತಂದ ದಿನ ಅಪ್ಪ ತಂಬಿಗೆಯಲ್ಲಿ ನೀರು ಹಿಡಿದುಕೊಂಡು ಬಂದು, "ಬರ್ರಿ ಬರ್ರಿ, ಯಾವೂರ್ರಿ ನಿಮ್ದು?" ಎಂದು ಕೇಳುತ್ತಾನೆ. ಅಳಬೇಡ, "ನಾನು ನಿನ್ನ ಮಗ" ಎಂದು ವಾದಕ್ಕೂ ಇಳಿಯಬೇಡ. "ಇದೇ ಬನವಾಸಿರಿ" ಎಂದು ಹೇಳಿ, ಕಾಲು ತೊಳೆದುಕೊಂಡು ಒಳಗೆ ಬಾ. ನಾನು ದಿನಾ ಹಾಗೇ ಬರುತ್ತೇನೆ.

ಅಕ್ಕ