ನನ್ನನ್ನು ದಾಟಿ ಓಡಿದ ಮಗಳು

ತಣಿಸಂದ್ರ
18 ನವೆಂಬರ್ 2025

ನಂದಿತಾ ಅವರಿಗೆ ಕನೀಜ್ ಮಾಡುವ ಸಲಾಂ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಹೇಳಿದರೆ ನೀವು ನಡುವೆ ಬಾಯಿ ಹಾಕಿ ಸಮಾಧಾನ ಮಾಡುತ್ತೀರಿ. ವಾಟ್ಸಾಪಿನಲ್ಲಿ ಹಾಕಿದರೆ ಒಂದು ನಗುವ ಮುಖ ಕಳಿಸಿ ಮುಗಿಸುತ್ತೀರಿ. ನನಗೆ ಎರಡೂ ಬೇಡ. ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯಿರಿ.

ಡಿಸೆಂಬರಿನ ನಾಯಕತ್ವ ಶಿಬಿರಕ್ಕೆ ನಮ್ಮ ಬಾಲಿಕಾ ದಳದ ಹುಡುಗಿಯರ ಜೊತೆ ದೊಡ್ಡವರೊಬ್ಬರು ಹೋಗಬೇಕಲ್ಲ, ಅದಕ್ಕೆ ನಿಮ್ಮ ಹೆಸರು ಕೊಟ್ಟಿದ್ದೇನೆ. ಖುಷಿಯಿಂದ ಕೊಟ್ಟೆ ಅಂದುಕೊಳ್ಳಬೇಡಿ.

ನಮ್ಮ ಮನೆಮಾತಿನಲ್ಲಿ ಇದಕ್ಕೆ ಜಲನ್ ಅಂತೀವಿ. ಬರೀ ಉರಿ. ಕನ್ನಡದಲ್ಲಿ ಅದು ಎಲ್ಲಿ ಉರಿಯುತ್ತದೆ ಅನ್ನುವುದನ್ನೂ ಸೇರಿಸಿ ಹೇಳುತ್ತಾರೆ, ಹೊಟ್ಟೆಕಿಚ್ಚು ಅಂತ. ಇಷ್ಟು ವರ್ಷ ಮಕ್ಕಳಿಗೆ ಕನ್ನಡ ಪಾಠ ಮಾಡಿದ್ದೇನೆ. ಆ ಪದದ ಅರ್ಥ ಸರಿಯಾಗಿ ತಿಳಿದದ್ದು ನೀವು ಬಂದ ಮೇಲೆ.

ದಳ ಶುರು ಮಾಡಿದವಳು ನಾನು. ಶಾಲೆಯ ಮೈದಾನಕ್ಕಾಗಿ ಹೆಡ್‌ಮಾಸ್ಟರ ಕೈಕಾಲು ಹಿಡಿದವಳು ನಾನು. 'ಹೆಣ್ಮಕ್ಕಳಿಗೆ ಭಾನುವಾರ ಎಂಥಾ ಕವಾಯತು' ಅಂದ ಅಪ್ಪಂದಿರ ಮನೆ ಮನೆಗೆ ಹೋಗಿ ಒಪ್ಪಿಸಿದವಳೂ ನಾನೇ. ನೀವು ಹೋದ ವರ್ಷ ಯುಗಾದಿ ಮುಗಿದ ಮೇಲೆ, ಜಕ್ಕೂರಿನ ಅಪಾರ್ಟ್‌ಮೆಂಟಿನಿಂದ ಸ್ಕೂಟರಿನಲ್ಲಿ ಬಂದು, ಬ್ಯಾಂಕಿನ ಕೆಲಸದಲ್ಲಿ ಭಾನುವಾರ ಬಿಡುವು, ಏನಾದ್ರೂ ಕೆಲಸ ಇದ್ರೆ ಕೊಡಿ ಅಂದಿರಿ. ನೀರಿನ ಕ್ಯಾನ್ ತುಂಬಿಸುವ ಕೆಲಸ ಕೊಟ್ಟೆ. ಹಗ್ಗದ ಗಂಟು ಹಾಕುವುದನ್ನು ನಿಮಗೆ ಕಲಿಸಿದ್ದೂ ನಾನು. ಮಳೆಗಾಲ ಕಳೆಯುವಷ್ಟರಲ್ಲಿ ನಾನು ಹುಡುಗಿಯರಿಗೆ 'ಮಿಸ್' ಆಗಿಯೇ ಉಳಿದೆ, ನೀವು 'ಅಕ್ಕ' ಆದಿರಿ. ಮಿಸ್ ಬಂದರೆ ಸಾಲು ನೆಟ್ಟಗಾಗುತ್ತದೆ. ಅಕ್ಕ ಬಂದರೆ ಸಾಲೇ ಮುರಿದು ಓಡಿಬರುತ್ತಾರೆ.

ಬೇರೆ ಹುಡುಗಿಯರು ಹೋಗಲಿ. ನನ್ನ ತಸ್ನೀಮ್! ಮನೆಯಲ್ಲಿ ಏನು ಕೇಳಿದರೂ 'ಹೂಂ', 'ಉಹೂಂ'. ನಿಮ್ಮ ಸ್ಕೂಟರಿನ ಹಿಂದೆ ಕೂತರೆ ಹೆಗಡೆ ನಗರ ದಾಟುವವರೆಗೂ ಬಾಯಿ ಮುಚ್ಚುವುದಿಲ್ಲ. ನಿಮ್ಮ ಹಾಗೇ ಸಕ್ಕರೆ ಇಲ್ಲದ ಕಾಫಿ ಕುಡಿದು ಮುಖ ಕಿವುಚುತ್ತಾಳೆ, ಆದರೂ ಕುಡಿಯುತ್ತಾಳೆ. ಆಗಸ್ಟಿನಲ್ಲಿ ನೀವು ಹಗ್ಗ ಸುತ್ತುತ್ತಾ, ತಸ್ನೀಮ್‌ಗೆ ಹತ್ತನೇ ಕ್ಲಾಸಾದ ಮೇಲೆ ಕಾಮರ್ಸ್ ತಗೊಳ್ಳೋ ಆಸೆಯಂತಲ್ಲ ಅಂದಿರಿ. ನಾನು, ಹೌದು, ಗೊತ್ತು ಅಂದೆ. ಗೊತ್ತಿರಲಿಲ್ಲ ನಂದಿತಾ. ಒಂಬತ್ತನೇ ಕ್ಲಾಸಿನ ನನ್ನ ಮಗಳ ಮನಸ್ಸಿನ ಮಾತನ್ನು ನಾನು ನಿಮ್ಮ ಬಾಯಿಂದ ಕೇಳಬೇಕಾಯಿತು. ಅವತ್ತು ರಾತ್ರಿ ಅವಳ ತಟ್ಟೆಗೆ ಬೇಕೆಂದೇ ರೊಟ್ಟಿ ಕಮ್ಮಿ ಹಾಕಿದೆ. ಅವಳು ಗಮನಿಸಲೂ ಇಲ್ಲ.

ಇನ್ನು ದಳವನ್ನು ಜಕ್ಕೂರು ಕೆರೆಗೆ ಕರೆದುಕೊಂಡು ಹೋದ ದಿನ. ನೀವೂ ಅಲ್ಲೇ ಇದ್ದಿರಿ, ಆದರೆ ನಾನು ಕೂತ ಜಾಗದಿಂದ ಅದು ಹೇಗೆ ಕಂಡಿತು ಅಂತ ನಿಮಗೆ ಗೊತ್ತಿಲ್ಲ. ಅವತ್ತಿನ ಎಲ್ಲವನ್ನೂ ಹುಡುಗಿಯರೇ ನಡೆಸಬೇಕು, ದೊಡ್ಡವರು ಬೆಂಚು ಬಿಟ್ಟು ಏಳಬಾರದು ಅಂತ ನಿಯಮ ಮಾಡಿದವರು ನೀವು. ಹುಡುಗಿಯರು ತಸ್ನೀಮಳನ್ನು ಮುಂದಾಳು ಮಾಡಿದರು. ನನ್ನದೇ ಹಳೇ ವಿಸಿಲ್ಲು ಅವಳ ಕೊರಳಲ್ಲಿತ್ತು. ನಾನು ಮರದ ಕೆಳಗಿನ ಬೆಂಚಿನಲ್ಲಿ, ನೀವು ನನ್ನಾಚೆಯ ಬೆಂಚಿನಲ್ಲಿ. ಮಕ್ಕಳನ್ನು ಎಣಿಸುವಾಗ ಮುನಿಶಾಮಿ ಅವರ ಮೊಮ್ಮಗಳು ಪುಟ್ಟಿ ಇಲ್ಲ ಅಂತ ಗೊತ್ತಾಯಿತು. ತಸ್ನೀಮ್ ಮುಖ ಬಿಳಿಚಿಕೊಂಡು ಓಡಿಬಂದಳು. ನಾನು ಎದ್ದು ಕೈ ಚಾಚಿದೆ. ಅವಳ ದುಪಟ್ಟಾ ನನ್ನ ಕೈಗೆ ತಾಗಿತು. ಅವಳು ನಿಲ್ಲಲಿಲ್ಲ, ನಿಮ್ಮ ಹತ್ತಿರ ಹೋದಳು.

ನೀವಾದರೂ ಎದ್ದಿರಾ? ಕೂತಲ್ಲಿಂದಲೇ, 'ಮೊದಲು ಏನ್ ಮಾಡ್ಬೇಕು, ನೀನೇ ಹೇಳು' ಅಂದಿರಿ. ಕೆರೆ ಪಕ್ಕದಲ್ಲಿ ಮಗು ಕಾಣೆಯಾಗಿದೆ, ಇವರು ಪರೀಕ್ಷೆ ಮಾಡುತ್ತಿದ್ದಾರೆ! ನಾನು ಬಂದು ಮಗಳ ಕೊರಳಿಂದ ವಿಸಿಲ್ ಕಿತ್ತುಕೊಂಡೆ. ಊದಿದೆ, ಕಿರುಚಿದೆ, ಓಡಿ ಹುಡುಕಿ ಅಂದೆ. ಹುಡುಗಿಯರು ದಿಕ್ಕಿಗೊಬ್ಬರು ಓಡಿದರು. ಒಬ್ಬಳು ಹುಡುಕಲು ಹೋದರೆ ಇನ್ನಿಬ್ಬರು ಕಾಣಿಸುತ್ತಿರಲಿಲ್ಲ.

ಆಗ ತಸ್ನೀಮ್ ಕಲ್ಲಿನ ಮೇಲೆ ಹತ್ತಿ ಬಲಗೈ ಎತ್ತಿ ನಿಂತಳು. ಕೈ ಎತ್ತಿದರೆ ಎಲ್ಲರೂ ನಿಲ್ಲಬೇಕು ಅನ್ನುವ ನಮ್ಮ ಹಳೇ ಪಾಠ. ಒಬ್ಬೊಬ್ಬರೇ ನಿಂತರು, ವಾಪಸು ಬಂದರು. ಅವಳು ಪುಟ್ಟಿಯ ಜೊತೆಗಾತಿಯನ್ನು ಕೂರಿಸಿಕೊಂಡು ಮೆಲ್ಲಗೆ ಕೇಳಿದಳು. ವಿಮಾನ ನೋಡ್ಬೇಕು ಅಂತಿದ್ಲು ಅಂದಿತು ಆ ಮಗು. ಇಬ್ಬರು ದೊಡ್ಡ ಹುಡುಗಿಯರು ಹೋಗಿ, ಗೇಟಿನೊಳಗೇ, ಏರೋಡ್ರೋಮಿನ ಕಡೆಯ ಬೇಲಿ ಹಿಡಿದು ನಿಂತಿದ್ದ ಪುಟ್ಟಿಯನ್ನು ಕರೆತಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ವಿಸಿಲ್ ಹಿಡಿದುಕೊಂಡು ನಿಂತಿದ್ದೆ.

ಬೆಳಿಗ್ಗೆಯೇ ನೀವು ಕೆರೆಯ ಗೇಟು ಕಾಯುವ ಆಂಜಿನಪ್ಪನವರಿಗೆ ಒಂಟಿ ಮಗುವನ್ನು ಹೊರಗೆ ಬಿಡಬೇಡಿ ಅಂದಿದ್ದಿರಂತೆ. ಓಡಿಬಂದ ತಸ್ನೀಮ್ ಜೊತೆ ಮಾತಾಡುತ್ತಲೇ ನೀರಿನಂಚಿನ ಮೇಲೆ ಕಣ್ಣಿಟ್ಟಿದ್ದಿರಂತೆ. ಎಲ್ಲವನ್ನೂ ನೋಡುತ್ತಿದ್ದ ಆಂಜಿನಪ್ಪನವರೇ ಆಮೇಲೆ ಹೇಳಿದರು. ಅದನ್ನು ಕೇಳಿ ನನಗೆ ಸಮಾಧಾನ ಆಗಬೇಕಿತ್ತು. ಇನ್ನೂ ಉರಿಯಿತು. ತಪ್ಪು ಹುಡುಕೋಣ ಅಂದರೆ ಅದನ್ನೂ ಉಳಿಸಿಲ್ಲವಲ್ಲ ನೀವು!

ಮನೆಗೆ ಬಂದು ಕೇಳಿಯೇಬಿಟ್ಟೆ. ನಾನು ಎದುರಿಗಿದ್ದೆ, ನನ್ನನ್ನು ದಾಟಿಕೊಂಡು ಯಾಕೆ ಹೋದೆ ಅಂತ. ಅವಳು ಹೇಳಿದಳು: 'ಅಮ್ಮಿ, ನಿನ್ನ ಹತ್ರ ಬಂದಿದ್ರೆ ನೀನೇ ಹುಡುಕಿಬಿಡ್ತಿದ್ದೆ.'

ಇದು ಬೈಗುಳವೋ ಹೊಗಳಿಕೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಶಿಬಿರಕ್ಕೆ ನಾನೇ ಬರುತ್ತೇನೆ ಅಂದಾಗ, ಹಾಗಾದ್ರೆ ನಾನು ಹೋಗಲ್ಲ ಅಂದಳು. ಅತ್ತು ಹೇಳಿದ್ದರೆ ಗದರಿಸುತ್ತಿದ್ದೆ. ಅಳದೆ ಹೇಳಿದಳು. ನಮ್ಮ ಯಜಮಾನರು ನಯೀಮ್, ಅಂಗಡಿಯಿಂದ ಬಂದವರೇ, ಹುಡುಗಿಯರು ಮುಂದಾಳು ಆಗಲಿ ಅಂತ ತಾನೇ ನೀನು ಇಷ್ಟು ವರ್ಷ ದುಡಿದದ್ದು, ಈಗೊಬ್ಬಳು ಆದರೆ ಯಾಕೆ ಸಂಕಟ ಅಂದರು. ಮಾರನೇ ದಿನ ಶಿಬಿರ ನಡೆಸುವ ನಮ್ಮ ದಳಗಳ ಕಮಿಷನರ್ ಮೇಡಂಗೆ ಫೋನ್ ಮಾಡಿ ನಿಮ್ಮ ಹೆಸರು ಹೇಳಿದೆ.

ಕರೆದುಕೊಂಡು ಹೋಗಿ. ಅವಳಿಗೆ ಧೂಳಿಗೆ ಕೆಮ್ಮು ಬರುತ್ತದೆ, ತಲೆಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿ. ಹಸಿವಾದರೆ ಹೇಳುವುದಿಲ್ಲ, ಸಿಡುಕುತ್ತಾಳೆ. ಅದು ಕೋಪ ಅಂದುಕೊಳ್ಳಬೇಡಿ. ಇದೆಲ್ಲ ನಿಮಗೆ ಮೊದಲೇ ಗೊತ್ತಿದ್ದರೆ ಗೊತ್ತು ಅಂತ ನನಗೆ ಹೇಳಬೇಡಿ.

ನಿಮ್ಮ ಮೇಲೆ ಇನ್ನೂ ಉರಿಯುತ್ತಿರುವ, ಆದರೂ ನಿಮ್ಮನ್ನೇ ನಂಬಿರುವ,
ಕನೀಜ್

ಮರೆತಿದ್ದೆ: ಶಿಬಿರದ ಅಡುಗೆಗೆ ಜನ ಸಾಲದು ಅಂತ ಮೇಡಂ ಹೇಳಿದ್ದರಿಂದ ಅಲ್ಲಿಗೆ ನನ್ನ ಹೆಸರು ಬರೆಸಿದ್ದೇನೆ. ತಸ್ನೀಮ್‌ಗೆ ಗೊತ್ತಾಗಿ, ಬೈಯುತ್ತಾಳೆ ಅಂತ ಕಾಯುತ್ತಿದ್ದೆ. 'ಬಾ ಅಮ್ಮಿ, ಆದ್ರೆ ಅಡುಗೆಮನೆ ಬಾಗಿಲು ದಾಟಬಾರದು' ಅಂದಳು. ದಾಟಲ್ಲ ಅಂತ ಮಾತು ಕೊಟ್ಟಿದ್ದೇನೆ. ಆದ್ದರಿಂದ ನೀವು ಎರಡು ಹೊತ್ತೂ ತಟ್ಟೆ ಹಿಡಿದು ಆ ಬಾಗಿಲಿಗೆ ಬರಬೇಕು. ಅವಳು ಏನು ಮಾಡಿದಳು, ಏನು ಹೇಳಿದಳು, ಒಂದೂ ಬಿಡದೆ ನನಗೆ ಹೇಳಬೇಕು.