ತುಂಬೆಗೆ ಎರಡು ತಿಂಗಳ ರಜೆ

ಜೂನ್ 2, ಬೆಳಗ್ಗೆ 7

ಹಾಲು ಡೈರಿಗೆ ಹೋಯಿತು. ಕ್ಯಾನ್ ಹಗುರ—ಇಂದಿನಿಂದ ನಮ್ಮ ಹಸು ತುಂಬೆಯ ಹಾಲು ಕರೆಯುವುದಿಲ್ಲ. ಏಳು ತಿಂಗಳ ಗಬ್ಬ. ಹೆರುವ ಮುಂಚೆ ಎರಡು ತಿಂಗಳು ಕೆಚ್ಚಲಿಗೆ ವಿರಾಮ ಬೇಕು. ಸಿಕ್ಕರೆ ಮುಂದಿನ ಸೂಲಿನಲ್ಲಿ ಹಾಲು ಹೆಚ್ಚು.

ಅತ್ತೆಗೆ ಇದು ಅನ್ಯಾಯ. “ಹಾಲು ಕೊಡೋ ಅಸೂನ ಕರೀಬೇಡ ಅಂತೀಯಲ್ಲ! ಅದಾಗೇ ನಿಲ್ಸೋಗಂಟ ಕರ್ಕೊಳ್ಳೋದು. ನಮ್ಮತ್ತೆ ಕಾಲದಿಂದ ಇಂಗೇ.”

“ಅದಕ್ಕೇ ಅತ್ತೆ, ನಿಮ್ಮತ್ತೆ ಕಾಲದಿಂದ ನಾಲ್ಕೇ ಲೀಟರು.”

ಬಾಯಿ ತಪ್ಪಿ ಬಂತು. ಪುಣ್ಯಕ್ಕೆ ನಕ್ಕರು.

ಮೈದುನ ಲೋಕೇಶ್ ನಗಲಿಲ್ಲ. ಕೊಟ್ಟಿಗೆ ಕೆಡವಿ ಬಾಡಿಗೆ ರೂಮು ಕಟ್ಟಬೇಕೆಂಬುದು ಅವನ ಹಟ. ಅತ್ತಿಬೆಲೆಯ ಫ್ಯಾಕ್ಟರಿಗಳಿಗೆ ಬರುವವರೆಲ್ಲ ಮನೆ ಹುಡುಕುತ್ತಿದ್ದಾರಂತೆ. “ಅತ್ತಿಗೆ ಓದಿರೋದು ಕವಿತೆ. ಹಸು ಅಲ್ಲ.”

ಜಾಗ ಅತ್ತೆಯ ಹೆಸರಲ್ಲಿದೆ. ಅವರೇ ತೀರ್ಪು ಕೊಟ್ಟರು: “ಈ ಸೂಲು ನೋಡಾನ. ತುಂಬೆ ವೋದ್ಸಲಕ್ಕಿಂತ ಜಾಸ್ತಿ ಕೊಟ್ರೆ ಕೊಟ್ಟಿಗೆ ಇರ್ಲಿ. ಇಲ್ದಿದ್ರೆ ರೂಮು ಕಟ್ಕೋ.”

ನನ್ನವರು ಎಂದಿನಂತೆ ಪೇಪರಿನ ಹಿಂದೆ.

ಕೊಟ್ಟಿಗೆಯ ಆರು ಹಸುಗಳಲ್ಲಿ ತುಂಬೆಯೊಂದೇ ನಾನು ಆರಿಸಿದ ಹೋರಿಯ ಮಗಳು. ತಾಯಿ ಸಾಧಾರಣ ಹಸು. ಹೆಚ್ಚು ಹಾಲಿನ ವಂಶದ ಜರ್ಸಿ ಹೋರಿ ಹುಡುಕಿ ಅದರ ವೀರ್ಯದ ಇಂಜೆಕ್ಷನ್ ಕೊಡಿಸಿದ್ದೆ. ಇಷ್ಟು ಓದಿದರೂ ಕವಿತೆ ಬರೆಯಲು ಬರಲಿಲ್ಲ. ಇದು ಬಂತು.

ಜೂನ್ 4

ಹಾಲು ಬತ್ತಲೆಂದು ತುಂಬೆಗೆ ಹಿಂಡಿ ಬಂದ್. ಒಣಹುಲ್ಲು ಮಾತ್ರ. ಕೆಚ್ಚಲು ಬಿಗಿದು ಕಲ್ಲಾಗಿದೆ. ಡಾಕ್ಟರ್ ಪಂಚಾಕ್ಷರಿ ಬಂದು ಮುಟ್ಟಿ ನೋಡಿದರು. “ಬಾವು ಏನಿಲ್ಲ ಮೇಡಂ. ಯಾರೂ ಕೈ ಹಾಕ್ಬೇಡಿ, ತಾನೇ ಇಳಿಯುತ್ತೆ.”

ಕರೆಯುವ ಹೊತ್ತಿಗೆ ಸರಿಯಾಗಿ ತುಂಬೆ ಕೂಗುತ್ತದೆ. ಕಿವಿ ಮುಚ್ಚಿಕೊಂಡು ಪಾತ್ರೆ ತೊಳೆಯಲಾಗುವುದಿಲ್ಲ...

ಜೂನ್ 7, ಬೆಳಗ್ಗೆ 6

ಕಾಫಿ ಉಪ್ಪುಪ್ಪು. ಎರಡನೇ ಗುಟುಕಿಗೆ ಹೊಳೆಯಿತು—ಗಬ್ಬದ ಕೊನೆಯಲ್ಲಿರುವ ಹಸುವಿನ ಹಾಲಿಗೆ ಈ ರುಚಿ. ಕೊಟ್ಟಿಗೆಗೆ ಓಡಿದೆ. ಕೆಚ್ಚಲು ಮೆತ್ತಗಿದೆ. ಕರೆಯುವಷ್ಟು ದಿನವೂ ಹಾಲು ಊರುತ್ತಲೇ ಇರುತ್ತದೆ. ಇಷ್ಟು ದಿನದ ಶ್ರಮವೆಲ್ಲ ನೀರಿಗೆ.

“ಅತ್ತೆ, ತುಂಬೇನ ಕರೆದ್ರಾ?”

“ಒಂದು ಚೊಂಬು. ವೊಡೀತೀಯಾ?”

ಆಮೇಲೆ ಒಲೆಯ ಕಡೆ ತಿರುಗಿದರು. “ನಿನ್ ಗಂಡನಿಗಿಂತ ಮುಂಚೆ ಒಂದು ಹುಟ್ಟಿತ್ತು. ಉಳೀಲಿಲ್ಲ. ಮಗು ಮಣ್ಣಾಗೆ, ಹಾಲು ಎದೆಯಾಗೆ. ಕಲ್ಲು ಕಟ್ದಂಗೆ. ತುಂಬೆ ಅಂಗೆ ಕೂಗಿದ್ರೆ ನಾನು ಎಂಗೆ ಮಲಗ್ಲಿ?”

ಇಪ್ಪತ್ತೈದು ವರ್ಷ ಒಂದೇ ಅಡುಗೆಮನೆ. ನನಗೆ ಗೊತ್ತಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ.

“ಆಮೇಲೆ ಹೇಗೆ ವಾಸಿಯಾಯ್ತು ಅತ್ತೆ?”

“ಕುಡಿಯೋರಿಲ್ದೆ ತಾನೇ ಬತ್ತೋಯ್ತು. ನಮ್ಮವ್ವ ಎದೆಗೆ ಮಲ್ಲಿಗೆ ಹೂವು ಕಟ್ಟಿದ್ಲು.” ಒಲೆಯ ಉರಿ ತಗ್ಗಿಸಿ, “ಕೈಯಲ್ಲಿ ಹಿಂಡಬೇಡ ಅಂತಲೂ ಅಂದಿದ್ಲು” ಎಂದರು.

ಇಬ್ಬರೂ ಉಪ್ಪುಕಾಫಿ ಮುಗಿಸಿದೆವು.

ಜೂನ್ 8

ಅತ್ತೆ ಮೊಳಗಟ್ಟಲೆ ಮಲ್ಲಿಗೆ ತರಿಸಿದರು. ಹಳೆ ಸೀರೆ ಹರಿದು, ಹೂವಿಟ್ಟು, ತುಂಬೆಯ ಕೆಚ್ಚಲಿಗೆ ಕಟ್ಟಿದರು. ಲೋಕೇಶ್ ಮೊಬೈಲ್ ಎತ್ತಿದ.

“ಅಮ್ಮಾ, ಹಸೂಗೆ ಸೀಮಂತಾನಾ?”

“ನಿಂಗೂ ಕಟ್ತೀನಿ ಬಾ. ಬಾಯಿಗೆ.”

ಹೂವಿನಿಂದ ಏನಾಗುತ್ತದೋ ತಿಳಿಯದು. ಅತ್ತೆಯ ಕೈಗೆ ಕೆಲಸ ಸಿಕ್ಕಿತು. ಪಕ್ಕದಲ್ಲೇ ಕೂತು ಕೊರಳಡಿ ಜೋಲುವ ಗಂಗೆದೊಗಲು ಸವರುತ್ತಾರೆ. ಕರೆಯುವುದಿಲ್ಲ. ಜಾರಿದ ಮಲ್ಲಿಗೆಯನ್ನು ತುಂಬೆಯೇ ತಿನ್ನುತ್ತದೆ.

ಜೂನ್ 19

ಕೆಚ್ಚಲು ಪೂರಾ ಇಳಿದಿದೆ. ಖಾಲಿ ಚೀಲದಂತೆ ಸುಕ್ಕು. ಇಷ್ಟು ಚೆಂದದ ಸುಕ್ಕು ನೋಡಿರಲಿಲ್ಲ.

ಜುಲೈ 14

ಹಿಂಡಿ ಮತ್ತೆ ಶುರು. ಸ್ವಲ್ಪ ಸ್ವಲ್ಪ ಏರಿಸುತ್ತಿದ್ದೇನೆ. ಲೋಕೇಶ್ ಮೇಸ್ತ್ರಿಯನ್ನು ಕರೆತಂದು ಕೊಟ್ಟಿಗೆಯ ಉದ್ದ ಅಳೆಸಿದ. ರಾತ್ರಿ ಊಟ ಸೇರಲಿಲ್ಲ.

ಆಗಸ್ಟ್ 6, ಮಧ್ಯಾಹ್ನ

ಹೆಣ್ಣು ಕರು! ಎಳೆಯುವ ಪ್ರಮೇಯವೇ ಬರಲಿಲ್ಲ. ಗಿಣ್ಣದ ಹಾಲು ಮೊದಲು ಕರುವಿಗೆ. ಅತ್ತೆ ಕರುವಿನ ಮೂಗು ಒರೆಸುತ್ತ ಏನೋ ಹೇಳಿಕೊಳ್ಳುತ್ತಿದ್ದರು. ದೂರ ನಿಂತೆ.

ಆಗಸ್ಟ್ 30, ಬೆಳಗ್ಗೆ 8

ಹೋದ ಸೂಲಿನಲ್ಲಿ ದಿನಕ್ಕೆ ಹನ್ನೊಂದು ಲೀಟರ್ ದಾಟಿರಲಿಲ್ಲ. ನಿನ್ನೆ ಎರಡೂ ಹೊತ್ತು ಸೇರಿ ಹದಿನಾಲ್ಕೂವರೆ! ಅತ್ತೆ ನಂಬದೆ ಇಂದು ಬೆಳಗಿನ ಹಾಲನ್ನು ತಾವೇ ಅಳೆದರು. ಲೋಕೇಶನನ್ನು ಕರೆದು ಕ್ಯಾನ್ ಕೈಗೆ ಕೊಟ್ಟರು.

“ಎತ್ತು. ಭಾರ ಐತಾ?”

“ಐತೆ ಕಣಮ್ಮ.”

“ಡೈರಿಗಂಟ ವೊತ್ಕೊಂಡೋಗು. ರೂಮಿಗೆ ಬೇರೆ ಜಾಗ ನೋಡ್ಕೋ.”

ಹೊತ್ತ. ಗೇಟಿನಲ್ಲಿ ತಿರುಗಿ, “ಅತ್ತಿಗೆ, ಕವಿತೆ ಭಾರ ಕಣ್ರೀ” ಅಂದ. ಮನಸಾರೆ ನಕ್ಕೆ. ನನ್ನವರು ಪೇಪರ್ ಮಡಿಚಿಟ್ಟು ಕೊಟ್ಟಿಗೆ ನೋಡಲು ಬಂದರು!

ಎಂ.ಎ.ಯಲ್ಲಿ ರ‍್ಯಾಂಕ್ ಬಂದ ದಿನವೂ ಎದೆ ಇಷ್ಟು ಉಬ್ಬಿರಲಿಲ್ಲ. ಇನ್ನೊಂದು—ಅತ್ತೆಯ ಮುದ್ದಿನ ಹಸು ಕೆಂಪಿ ಬೆದೆಗೆ ಬಂದಿದೆ. ಈವರೆಗೆ ಅದರ ಹತ್ತಿರ ನನ್ನನ್ನು ಬಿಟ್ಟವರಲ್ಲ. ಈಗ ತಾನೇ ಬಂದು, ಬಾಗಿಲಿಗೆ ಒರಗಿ, “ಓರಿ ನೀನೇ ಆರ್ಸು” ಎಂದರು. ಡಾಕ್ಟರಿಗೆ ಫೋನ್ ಮಾಡಬೇಕು. ಕೆಂಪಿಗೆ ದೊಡ್ಡ ಕರು ಹುಟ್ಟಿಸುವ ಹೋರಿ ಬೇಡ, ಅದರ ಸೊಂಟ ಚಿಕ್ಕದು, ನಾನು ಅಂದುಕೊಂಡಿರುವುದು—

“ಬರ್ದಿದ್ದು ಸಾಕು ಬಾರೇ, ಬೆದೆ ನಿನ್ಗೋಸ್ಕರ ಕಾಯ್ತದಾ?”

ಬಂದೆ ಅತ್—