ಮಚ್ಚೆಯ ಸುತ್ತ ಬಿಟ್ಟ ಕೂದಲು

ಅಪ್ಪಾ,

ಗಲ್ಲದ ಮಚ್ಚೆ ತೆಗೆಸಿಬಿಟ್ಟೆ. "ಮುಲಾಮು ಹಚ್ಚಿ, ಬಿಸಿಲಿಗೆ ಹೋಗ್ಬೇಡಿ, ಹಕ್ಕಳೆ ತಾನಾಗೇ ಉದುರೋವರೆಗೆ ಬ್ಲೇಡು ತಾಗಿಸ್ಬೇಡಿ" ಎಂದರು ಡಾಕ್ಟರು. ಬ್ಲೇಡು ಹಾಗಿರಲಿ, ನವೆ ತಡೆಯಲಾರದೆ ಕೂತರೂ ನಿಂತರೂ ಬೆರಳು ಅಲ್ಲಿಗೇ ಹೋಗುತ್ತಿತ್ತು. "ಕೆರೆದು ಹುಣ್ಣು ಮಾಡ್ಕೋಬೇಡ್ರೀ" ಎಂದು ನಿನ್ನ ಸೊಸೆ ಕೈಮೇಲೆ ಹೊಡೆಯುತ್ತಿದ್ದಳು.

ನಿನ್ನೆ ಹಕ್ಕಳೆ ಉದುರಿತು. ಇವತ್ತು ಗಡ್ಡ ಹೆರೆದುಕೊಂಡು ಬಂದರೆ ಅವಳಿಗೆ ನಗು. "ಇದೇನ್ರೀ, ಸುತ್ತ ಉಂಗುರದ ಹಾಗೆ ಬಿಟ್ಟಿದೀರಲ್ಲ!" ನೋಡಿದರೆ ನಿಜ. ಇಲ್ಲದ ಮಚ್ಚೆಯನ್ನು ರೇಜರ್ ತಾನಾಗಿ ಸುತ್ತುಹಾಕಿತ್ತು. ನಿನ್ನ ಅಂಗಡಿಯ ಕುರ್ಚಿಯಲ್ಲಿ ಕಲಿತದ್ದು, ನೀನು ಹೋಗಿ ಮೂರು ವರ್ಷವಾದರೂ ಕೈ ಬಿಟ್ಟಿಲ್ಲ. ಊರವರ ಗಡ್ಡವನ್ನೆಲ್ಲ ಹರಟುತ್ತಲೇ ಮಾಡುತ್ತಿದ್ದವನು ನೀನು, ನನ್ನ ಮಚ್ಚೆ ಬಂದಾಗ ಮಾತ್ರ ಉಸಿರು ಬಿಗಿಹಿಡಿಯುತ್ತಿದ್ದೆ.

ಆಫೀಸಿಗೆ ಹೊತ್ತಾಯಿತು. ಆ ಕೂದಲು ತೆಗೆಯಲೆಂದು ಮೂರು ಸಲ ರೇಜರ್ ಎತ್ತಿ ಕೆಳಗಿಟ್ಟೆ.

ಕೊನೆಕೊನೆಗೆ ಒಂದೇ ಒಂದು ಸಲ ನಿನ್ನ ಕೈ ನಡುಗಿ ಅಲ್ಲಿ ರಕ್ತ ಬಂತು. "ಏನಾಗಲ್ಲ ಬಿಡಪ್ಪ" ಎಂದವನು ನಾನೇ. ಮರುವಾರ ಎರಡು ಬೀದಿ ಆಚೆಯ ಅಂಗಡಿಗೆ ಹೋದವನೂ ನಾನೇ. ಅವತ್ತು ರಾತ್ರಿ ಊಟಕ್ಕೆ ಕೂತಾಗ ನೀನು ನನ್ನ ನುಣ್ಣನೆಯ ಗಲ್ಲವನ್ನು ಬೆಳಕಿಗೆ ತಿರುಗಿಸಿ ನೋಡಿ ಇಷ್ಟೇ ಅಂದೆ:

"ಒಳ್ಳೇ ಕೈ ಕಣೋ ಅವನದು."